ಬೈದು ಹಾಡಿದರೆ ಅತ್ತ ಊರು

ನಮ್ಮ ಕಡೆಯ ಪತ್ರಿಕೆಯೊಂದರಲ್ಲಿ ಬಂದ ಸುದ್ದಿಯನ್ನು ನೀವು ಓದಿರಬಹುದು. ಬಂಗಾರಪೇಟೆ ತಾಲ್ಲೂಕಿನ ಹೆಣ್ಣುಮಕ್ಕಳು ಇಂಗ್ಲೆಂಡಿಗೆ ಹೋಗಿ ಜಾನಪದ ಹಾಡಿದರಂತೆ, ಭಾಷೆ ತಿಳಿಯದ ಬಿಳಿಯರೂ ಕೇಳಿ ಕಣ್ಣೀರಿಟ್ಟರಂತೆ, ಸಂಗೀತಕ್ಕೆ ಭಾಷೆಯ ಹಂಗಿಲ್ಲ ಎಂಬುದು ಮತ್ತೊಮ್ಮೆ ಸಾಬೀತಾಯಿತಂತೆ. ಪಕ್ಕದಲ್ಲಿ ನಮ್ಮ ಮೂವರ ಫೋಟೊ. ಅದರಲ್ಲಿ ನನ್ನ ಕಣ್ಣು ಮುಚ್ಚಿದೆ.

ಫೋಟೊ ಬಗ್ಗೆ ನನ್ನ ತಕರಾರಿಲ್ಲ, ಸುದ್ದಿಯ ಬಗ್ಗೆ ಇದೆ. ಕಾಲೇಜಿನ ಐದೂ ವರ್ಷ ಚರ್ಚಾಸ್ಪರ್ಧೆಯ ವೇದಿಕೆ ಹತ್ತಿ ಇಳಿದವಳು ನಾನು. ಎದುರಾಳಿಯ ಮಾತಿನಲ್ಲಿ ಕಾಳೆಷ್ಟು, ಹೊಟ್ಟೆಷ್ಟು ಎಂದು ಕೇರಿ ನೋಡದೆ ಮನಸ್ಸು ಒಪ್ಪುವುದಿಲ್ಲ. ಬಿಳಿಯರು ಅತ್ತದ್ದು ನಿಜ. ಭಾಷೆ ತಿಳಿಯದೆ ಅತ್ತದ್ದೂ ನಿಜ. ತಿಳಿದಿದ್ದರೆ ಅಳುತ್ತಿರಲಿಲ್ಲ, ಅಷ್ಟೇ. ಯಾಕೆಂದರೆ ಅವರು ಅತ್ತದ್ದು ಬೀಗರ ಪದಕ್ಕೆ. ಮದುವೆ ಮನೆಯಲ್ಲಿ ಗಂಡಿನ ಕಡೆಯವರು ಊಟಕ್ಕೆ ಕೂತಾಗ ಹೆಣ್ಣಿನ ಕಡೆಯವರು ಎದುರು ನಿಂತು ಮುಖ ಮೂತಿ ನೋಡದೆ ಬೈಯುತ್ತಾರಲ್ಲ, ಆ ಪದಕ್ಕೆ. ಬೀಗಿತ್ತಿಯ ಮೂಗನ್ನು ಒಲೆ ಊದುವ ಕೊಳವೆಗೆ ಹೋಲಿಸಿದ ಸಾಲಿಗೆ ಒಬ್ಬ ಮುದುಕರು ಕರವಸ್ತ್ರ ತೆಗೆದರು. ನಾನು ಕಣ್ಣಾರೆ ಕಂಡೆ.

ಇದನ್ನು ಸಾಬೀತು ಅನ್ನುವುದಾದರೆ ಏನನ್ನು ಸಾಬೀತುಪಡಿಸಿತು ಎಂದು ನೀವೇ ತೀರ್ಮಾನಿಸಿ. ನಾನು ನಡೆದದ್ದನ್ನು ಹೇಳುತ್ತೇನೆ.

ಬಂಗಾರಪೇಟೆ ಜಂಕ್ಷನ್

ಹೊರಟವರು ಮೂವರು. ಮೊದಲನೆಯವಳು ನನ್ನ ದೊಡ್ಡಮ್ಮ ಮುನಿರತ್ನಮ್ಮ, ಅಮ್ಮನ ಅಕ್ಕ. ಕಾಮಸಮುದ್ರದ ಆಚೆ, ಒಂದು ಕೂಗು ಹಾಕಿದರೆ ಆಂಧ್ರಕ್ಕೆ ಕೇಳಿಸುವಂಥ ಹಳ್ಳಿ ಅವಳದು. ಎರಡು ಸೀಮೆಹಸು, ಅರ್ಧ ಎಕರೆ ಟೊಮೆಟೊ, ಯಾರಿಗೂ ಸೋಲದ ನಾಲಿಗೆ. ಸುತ್ತಲ ಊರುಗಳಲ್ಲಿ ಮದುವೆ ಗೊತ್ತಾದರೆ ಛತ್ರ ಹಿಡಿಯುವ ಮೊದಲು ದೊಡ್ಡಮ್ಮನನ್ನು ಹಿಡಿಯುತ್ತಾರೆ. ಅವಳ ಪದ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ತಿರುಗಿ ಮತ್ತೆ ಕನ್ನಡಕ್ಕೆ ಬಂದು ನಿಲ್ಲುತ್ತದೆ. ಎಲ್ಲಿ ಗಡಿ ದಾಟಿತು ಎಂದು ಕೇಳುವವರಿಗೂ ಗೊತ್ತಾಗದು, ಹಾಡುವವಳಿಗೂ ಬೇಕಿಲ್ಲ.

ಎರಡನೆಯವಳು ಸೆಲ್ವಿ ಅಕ್ಕ. ಕೆಜಿಎಫ್ ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಕಾರ್ಮಿಕರ ಲೈನಿನ ಮನೆ. ಅವಳ ಅಪ್ಪ ಗಣಿಯೊಳಗೆ ಇಳಿದು ದುಡಿದು, ಕೆಮ್ಮಿ ಕೆಮ್ಮಿ ಹೋದವರು. ಇವಳು ಈಗ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಬರುತ್ತಾಳೆ. ಇಬ್ಬರೂ ಗೆಳತಿಯರಾದದ್ದು ಒಂದು ಮದುವೆಯಲ್ಲಿ, ಎದುರು ಬದುರು ಪಕ್ಷದಲ್ಲಿ ನಿಂತು ಒಬ್ಬರನ್ನೊಬ್ಬರು ಬೈದು.

ಮೂರನೆಯವಳು ನಾನು, ಇಂಗ್ಲಿಷ್ ಬಲ್ಲವಳೆಂದು. ಹಿಂದೆ ನಿಂತು ಪದಕ್ಕೆ ಸೊಲ್ಲು ಹಿಡಿಯಬೇಕಿದ್ದ ನಾಲ್ಕನೆಯವಳಿಗೆ ವೀಸಾ ಬರಲಿಲ್ಲ. ಹಾಗಾಗಿ ಸೊಲ್ಲೂ ನನ್ನ ಪಾಲಿಗೆ ಬಂತು. "ನಿಂಗೆ ರಾಗ ಬರ್ದಿದ್ರೂ ಜಗಳ ಬತ್ತದಲ್ಲ, ಸಾಕು ಬಾರೇ" ಎಂದಳು ದೊಡ್ಡಮ್ಮ.

ನಮ್ಮನ್ನು ಕರೆಸಿದವರು ಹೆಲೆನ್ ಎಂಬ ನಿವೃತ್ತ ಶಿಕ್ಷಕಿ. ಇಂಗ್ಲೆಂಡಿನ ಬಾಲದ ತುದಿಯಲ್ಲಿರುವ ಕಾರ್ನ್‌ವಾಲಿನವರು. ತವರದ ಗಣಿಗಳ ಸೀಮೆ ಅದು. ನಮ್ಮ ಚಿನ್ನದ ಗಣಿಗೆ ಮೇಸ್ತ್ರಿಗಳಾಗಿ ಬಂದವರಲ್ಲಿ ಬಹಳ ಜನ ಅಲ್ಲಿಯವರು, ಹೆಲೆನ್ ಅವರ ಮುತ್ತಾತ ಕೂಡ. ಮುತ್ತಾತನ ಬಂಗಲೆ ಹುಡುಕಿಕೊಂಡು ಅವರು ಹಿಂದಿನ ವರ್ಷ ಕೆಜಿಎಫ್‌ಗೆ ಬಂದಿದ್ದರು. ಬಂಗಲೆ ಸಿಗಲಿಲ್ಲ, ಸೆಲ್ವಿ ಅಕ್ಕ ಸಿಕ್ಕಳು. ಅವಳ ಅಂಗಳದಲ್ಲಿ ದೊಡ್ಡಮ್ಮ ಹಾಡಿದ ಪದಗಳನ್ನು ಫೋನಿನಲ್ಲಿ ತುಂಬಿಕೊಂಡು ಹೋದರು. ಅವತ್ತು ಮಾತು ತಿರುಗಿಸಿ ಹೇಳಿದವನು ಟ್ಯಾಕ್ಸಿ ಡ್ರೈವರ್ ಬಾಬು. ನಾನು ಕೋಲಾರದಲ್ಲಿ ಪರೀಕ್ಷೆ ಬರೆಯುತ್ತಿದ್ದೆ. ಆ ಒಂದು ಗೈರುಹಾಜರಿಯ ದಂಡವನ್ನು ಮುಂದೆ ಕಟ್ಟಿದೆವು. ಹೆಲೆನ್ ಅವರ ಊರಿನಲ್ಲಿ ಮೂರು ದಿನ ಗಣಿ ಹಾಡುಗಳ ಉತ್ಸವವಂತೆ, ನೀವು ಬರಲೇಬೇಕು ಎಂದು ಪತ್ರ ಬಂತು. ಬಂಗಾರಪೇಟೆಯಲ್ಲಿ ರೈಲು ಹತ್ತಿದೆವು.

ಮಾತಾಡಬಾರದ ಬೋಗಿ

ವಿಮಾನದ ಕತೆ ಬೇಡ. ಅದನ್ನು ಎಲ್ಲರೂ ಬರೆದಿದ್ದಾರೆ. ಲಂಡನ್ನಿನ ತಪಾಸಣೆಯಲ್ಲಿ ದೊಡ್ಡಮ್ಮನ ಚೀಲದಿಂದ ಹುರಿಹಿಟ್ಟು ಹೊರಬಂದಾಗ ಅಧಿಕಾರಿ ಅದನ್ನು ಮೂಸಿ, ಇದೇನೆಂದು ಕೇಳಿದ. ರಾಗಿ ಎಂದೆ. ಹಾಗಂದರೆ ಎಂದ. ನಾನು ಧಾನ್ಯ, ಪೌಷ್ಟಿಕಾಂಶ ಎಂದೆಲ್ಲ ವಾದ ಹೂಡುತ್ತಿದ್ದಂತೆ ದೊಡ್ಡಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಅವನ ಮುಖ ನೋಡುತ್ತ ಜಗಿದಳು. ಅವನು ಚೀಲ ಮುಚ್ಚಿದ. ಚರ್ಚೆ ಗೆಲ್ಲುವ ಈ ದಾರಿಯನ್ನು ನನಗೆ ಯಾವ ಮೇಷ್ಟ್ರೂ ಕಲಿಸಿರಲಿಲ್ಲ.

ಅಲ್ಲಿಂದ ಕಾರ್ನ್‌ವಾಲಿಗೆ ಐದಾರು ಗಂಟೆಯ ರೈಲು. ನಮಗೆ ಸಿಕ್ಕಿದ್ದು ಸದ್ದು ಮಾಡಬಾರದ ಬೋಗಿ. ಹಾಗೆ ಒಂದಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ದೊಡ್ಡಮ್ಮ ಗಂಟಲು ಹದ ಮಾಡಿಕೊಳ್ಳಲು ಸಣ್ಣಗೆ ರಾಗ ಎತ್ತಿದಳು, ಸೆಲ್ವಿ ಅಕ್ಕ ಮುಂದಿನ ಸೀಟಿನ ಬೆನ್ನಿಗೆ ತಾಳ ತಟ್ಟಿದಳು. ಆ ಸೀಟಿನ ಮನುಷ್ಯ ಎದ್ದು, ಬಹಳ ವಿನಯದಿಂದ, ಗಾಜಿನ ಮೇಲೆ ಅಂಟಿಸಿದ್ದ ಚೀಟಿ ತೋರಿಸಿದ. ನಾನು ಓದಿ ಹೇಳಿದೆ.

"ರೈಲಲ್ಲಿ ಮಾತಾಡ್ಬಾರ್ದಾ?" ದೊಡ್ಡಮ್ಮ ಕೇಳಿದಳು. "ಯಾರಾದ್ರೂ ಸತ್ತವ್ರಾ?"

ನನಗೆ ಮಾರಿಕುಪ್ಪಂನಿಂದ ಹೊರಡುವ ನಮ್ಮ ಬೆಳಗಿನ ರೈಲು ನೆನಪಾಯಿತು. ಒಂದು ಬೋಗಿಯಲ್ಲಿ ತಾಳ ಹಿಡಿದ ಭಜನೆಯವರು, ಮುಂದಿನದರಲ್ಲಿ ಇಸ್ಪೀಟಿನವರು, ಬಾಗಿಲಲ್ಲಿ ಜೋತುಬಿದ್ದು ತಮಿಳು ಸಿನಿಮಾ ಹಾಡು ಕಿರುಚುವ ಹುಡುಗರು. ನಿದ್ದೆ ಬೇಕಾದವರು ಅದರಲ್ಲೇ ನಿದ್ದೆ ಮಾಡುತ್ತಾರೆ. ನನ್ನ ಸಂಗೀತ ಕಛೇರಿಗಳ ನೆನಪೆಲ್ಲ ಇಂಥವೇ. ಆಂಡರ್ಸನ್‌ಪೇಟೆಯಲ್ಲಿ ಬೀದಿ ಅಡ್ಡಗಟ್ಟಿ ಹಾಕಿದ ಆರ್ಕೆಸ್ಟ್ರಾ ಸ್ಟೇಜು, ಕರೆಂಟು ಹೋದಾಗ ನಿಲ್ಲದೆ ಬರಿಗಂಟಲಲ್ಲಿ ಹಾಡು ಮುಗಿಸಿದ ಒಬ್ಬ ಗಾಯಕ, ಅವನಿಗೆ ಜನರೇ ಹಿಡಿದ ತಾಳ. ಟಿಕೀಟು ಪಡೆದು ಬಾಯಿ ಮುಚ್ಚಿ ಕೂತು ಕೇಳಿದ್ದು ಒಂದೂ ನೆನಪಿಲ್ಲ. ಹೀಗೆ ಹೇಳಿದರೆ ಶಾಸ್ತ್ರೀಯದವರು ಸಿಟ್ಟಾಗುತ್ತಾರೆ. ಆಗಲಿ.

ಶುಕ್ರವಾರ, ಪ್ರಾರ್ಥನಾ ಮಂದಿರ

ಹೆಲೆನ್ ಒಳ್ಳೆಯವರು. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅವರೊಡನೆ ಜಗಳವಾಗುತ್ತದೆ. ನಮಗೆಂದು ಅನ್ನ ಮಾಡುವುದನ್ನು ಕಲಿತಿದ್ದರು. ಗಂಜಿಯಾಗಿತ್ತು, ಆದರೂ ಕಲಿತಿದ್ದರು. ಕೊರಳಲ್ಲಿ ಬಣ್ಣಬಣ್ಣದ ಗಾಜಿನ ಮಣಿಸರ, ಬಿಳಿ ಕೂದಲು, ಉದ್ದ ಮೂಗು, ಸದಾ ಒದ್ದೆಯಾಗಲು ತಯಾರಾಗಿರುವ ಕಣ್ಣು. ದೊಡ್ಡಮ್ಮ ಮೊದಲ ದಿನವೇ ಅವರಿಗೆ ಎಲ್ಲಮ್ಮ ಎಂದು ಹೆಸರಿಟ್ಟಳು. ಅವರು ಅದಕ್ಕೂ ಸಂತೋಷಪಟ್ಟರು.

ಬೆಳಿಗ್ಗೆ ನಮ್ಮನ್ನು ಮುಚ್ಚಿದ ಗಣಿಯೊಂದನ್ನು ತೋರಿಸಲು ಕರೆದೊಯ್ದರು. ಸಮುದ್ರದ ಅಂಚಿನಲ್ಲಿ ಕಲ್ಲಿನ ಹೊಗೆಗೂಡು, ಸುತ್ತ ಹುಲ್ಲು, ಒಂದು ಅಂಗಡಿ, ಅದರಲ್ಲಿ ಗಣಿ ಟೋಪಿ ಹಾಕಿದ ಕರಡಿ ಗೊಂಬೆ. ನಮ್ಮಲ್ಲೂ ಗಣಿ ಮುಚ್ಚಿದೆ. ಉಳಿದದ್ದು ಚಿನ್ನ ತೆಗೆದ ಮೇಲೆ ಸುರಿದ ಪುಡಿಮಣ್ಣಿನ ಸೈನೈಡ್ ದಿಬ್ಬ, ಗಾಳಿ ಬೀಸಿದರೆ ಊರೆಲ್ಲ ಬೂದಿ. ಸೆಲ್ವಿ ಅಕ್ಕ ಕರಡಿ ಗೊಂಬೆಯನ್ನು ಹಿಡಿದು ತಿರುಗಿಸಿ ನೋಡಿ ಇಟ್ಟಳು. ಮಧ್ಯಾಹ್ನ ಆಲೂಗಡ್ಡೆ ತುಂಬಿದ, ಅಂಗೈ ಅಗಲದ ಕರ್ಜಿಕಾಯಿ ಕೊಟ್ಟರು. ಗಣಿಯವರು ಇದರ ಅಂಚನ್ನು ಕೈಯಲ್ಲಿ ಹಿಡಿದು ಉಳಿದದ್ದು ತಿಂದು, ಕೈಗಂಟಿದ ಗಣಿಯ ವಿಷ ತಾಗಿದೆಯೆಂದು ಅಂಚನ್ನು ಬಿಸಾಡುತ್ತಿದ್ದರಂತೆ.

"ನಮ್ಮಪ್ಪ ಒಂದು ತುಣುಕೂ ಬಿಸಾಕ್ದೋರಲ್ಲಮ್ಮಾ," ಎಂದಳು ಸೆಲ್ವಿ ಅಕ್ಕ. ಇದನ್ನು ನಾನು ತಿರುಗಿಸಿ ಹೇಳಲಿಲ್ಲ.

ಸಂಜೆ ಕಾರ್ಯಕ್ರಮ. ಹಳೆಯ ಪ್ರಾರ್ಥನಾ ಮಂದಿರ, ಮರದ ಬೆಂಚು, ಇನ್ನೂರು ಜನ. ಹೆಲೆನ್ ವೇದಿಕೆಗೆ ಹೋಗಿ ಏನೋ ಪರಿಚಯ ಮಾಡಿದರು. ನಾವು ಹಿಂದಿನ ಕೋಣೆಯಲ್ಲಿ ಸೀರೆ ನಿರಿಗೆ ಸರಿಮಾಡಿಕೊಳ್ಳುತ್ತಿದ್ದೆವು, ಕೇಳಿಸಲಿಲ್ಲ. ಹೊರಬಂದು ನಿಂತೆವು. ದೊಡ್ಡಮ್ಮ ಪದ್ಧತಿಯಂತೆ ಎದುರು ಕೂತವರಲ್ಲಿ ದೊಡ್ಡ ಬೀಗಿತ್ತಿ ಯಾರೆಂದು ನೋಡಿದಳು. ಕರೆಸಿದವಳೇ ಬೀಗಿತ್ತಿ. ಹೆಲೆನ್ ಕಡೆ ಕೈ ಚಾಚಿ ಎತ್ತಿದಳು:

*ದೂರದಿಂದ ಬಂದ ಬೀಗಿತ್ತಿ ಮೂಗು ನೋಡಿರೇ,*
*ಒಲೆ ಊದೋ ಕೊಳವೆಗೆ ಊರೆಲ್ಲ ಹುಡುಕಿದ್ವಲ್ಲೇ!*

ನಾನೂ ಸೆಲ್ವಿ ಅಕ್ಕನೂ ಸೊಲ್ಲು ಹಿಡಿದೆವು: *ಏಮಮ್ಮಾ ವದಿನಾ, ನೋರು ಲೇದಾ?* ಏನಮ್ಮ ಅತ್ತಿಗೆ, ನಿನಗೆ ಬಾಯಿಲ್ಲವಾ ಎಂದು.

*ಆರು ಒಬ್ಬಟ್ಟು ತಿಂದು ಆಸೆ ಇಲ್ಲ ಅಂತಾಳೆ,*
*ಏಳನೇದು ಸೆರಗಲ್ಲಿ ಯಾರಿಗಮ್ಮ ಬೀಗಿತ್ತಿ?*

ಮೂಗಿನ ಸಾಲಿಗೇ ಎರಡನೇ ಬೆಂಚಿನಲ್ಲಿ ಒಬ್ಬ ಮುದುಕರ ಕರವಸ್ತ್ರ ಕಂಡಿತ್ತು. ಆಮೇಲೆ ಇನ್ನೊಂದು. ಹೆಲೆನ್ ಅವರ ಕೆನ್ನೆ ಒದ್ದೆಯಾಗಿತ್ತು. ಮೊದಲು ನಗು ತಡೆಯಲಾರದೆ ಕಣ್ಣು ಒರೆಸುತ್ತಿದ್ದಾರೆ ಎಂದುಕೊಂಡೆ. ಅಲ್ಲ. ಅಳುತ್ತಿದ್ದರು. ಪದ ಮುಗಿಯಿತು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬೀಗರ ಪದದ ಕಟ್ಟಳೆಯೇ ಹಾಗೆ, ಬೈಸಿಕೊಂಡವರು ಎದ್ದು ತಿರುಗಿ ಬೈಯಬೇಕು. ಅಲ್ಲಿಯವರೆಗೆ ಬೈದವರು ನಿಂತಿರುತ್ತಾರೆ. ಇಲ್ಲಿ ಎದ್ದರು, ಇನ್ನೂರು ಜನವೂ ಎದ್ದರು, ಬೈಯಲಿಲ್ಲ. ಚಪ್ಪಾಳೆ ತಟ್ಟಿದರು.

ದೊಡ್ಡಮ್ಮನ ಮುಖ ಬಿಳುಚಿಕೊಂಡಿತ್ತು. "ಲೇ ಶೈಲು," ಎಂದಳು ನನ್ನ ಕಿವಿಯಲ್ಲಿ, "ಅಳ್ತಾವ್ರೆ ಕಣೇ. ಯಾಕೇ ಅಳ್ತಾವ್ರೆ?"

ಶನಿವಾರ ಬೆಳಿಗ್ಗೆ, ಒಂದು ಕರೆ

ಅದಕ್ಕೆ ಉತ್ತರ, ಉತ್ಸವದ ಹೊತ್ತಗೆಯಲ್ಲಿ ಅಚ್ಚಾಗಿತ್ತು. ನಮ್ಮ ಫೋಟೊ ಕೆಳಗೆ ಹೀಗೆ: ಕೋಲಾರದ ಚಿನ್ನದ ಗಣಿಯಲ್ಲಿ ಗಂಡಂದಿರನ್ನು ಕಳೆದುಕೊಂಡ ಹೆಂಗಸರು ಗಣಿಯ ಬಾಯಲ್ಲಿ ನಿಂತು ಹಾಡುವ ಶೋಕಗೀತೆ.

ನಾನು ಓದಿ ಹೇಳಿದೆ. ಸೆಲ್ವಿ ಅಕ್ಕ ಕಾಫಿ ಲೋಟ ಕೆಳಗಿಟ್ಟಳು. "ಅಯ್ಯೋ ಕಡವುಳೇ. ನನ್ ಗಂಡ ಮನೇಲಿ ಟೀವಿ ನೋಡ್ತಾ ಅವ್ನೆ!"

ನಾನು ಫೋನಿನಲ್ಲಿ ಡ್ರೈವರ್ ಬಾಬುವನ್ನು ಹಿಡಿದೆ. ಅವನು ರಾಬರ್ಟ್‌ಸನ್‌ಪೇಟೆ ಬಸ್ ಸ್ಟ್ಯಾಂಡಿನಲ್ಲಿದ್ದ, ಹಿಂದೆ ಹಾರ್ನ್ ಸದ್ದು.

"ಬಾಬಣ್ಣ, ಅವತ್ತು ಸೆಲ್ವಿ ಅಕ್ಕನ ಮನೇಲಿ ಆ ಮೇಡಮ್ಮಿಗೆ ಏನಂತ ಹೇಳ್ದೆ?"

"ಅಯ್ಯೋ ಅದಾ? ಬಾಳ ಹಳೇ ಪದ ಮೇಡಂ, ಬಾಳ ದುಃಖದ್ದು, ಮೈನ್ ಜನದ್ದು ಅಂದೆ."

"ಯಾಕಣ್ಣ?"

"ಯಾಕೆ ಅಂದ್ರೆ? ಅಷ್ಟ್ ದೂರದಿಂದ ಮನೆಗ್ ಬಂದವ್ರೆ. ನಿನ್ ಮೂಗು ಊದ್ಗೊಳ್ವೆ, ನೀನು ಒಬ್ಬಟ್ಟು ಕದ್ದೆ ಅಂತ ಎಂಗಮ್ಮ ಏಳ್ಲಿ? ನಂಗೇನ್ ಮರ್ಯಾದೆ ಇಲ್ವಾ? ನೀನಾಗಿದ್ರೆ ಏಳ್ತಿದ್ದಾ?"

ಹೇಳುತ್ತಿದ್ದೆ. ಅದೇ ಅವನಿಗೂ ನನಗೂ ವ್ಯತ್ಯಾಸ. ಆದರೂ ಅವನ ಮೇಲೆ ಸಿಟ್ಟು ನಿಲ್ಲಲಿಲ್ಲ. ಅತಿಥಿಯ ಮುಖ ಉಳಿಸಲು ಒಂದು ಸುಳ್ಳು. ನಮ್ಮ ಕಡೆ ಯಾರಾದರೂ ಹೇಳುವಂಥದ್ದೇ. ಅದು ಸಮುದ್ರ ದಾಟಿ, ಅಚ್ಚಾಗಿ, ಇನ್ನೂರು ಜನರನ್ನು ಅಳಿಸಿತು.

ನಾನು ಇದನ್ನು ತಮಾಷೆಯೆಂದು ದೊಡ್ಡಮ್ಮನಿಗೆ ಹೇಳಿದೆ. ಅವಳು ನಗಲಿಲ್ಲ. ಶ್ರಾವಣದಲ್ಲಿ ಅವಳ ಮೊಮ್ಮಗಳು ಭವ್ಯಳ ಮದುವೆ, ಬಂಗಾರಪೇಟೆಯ ಛತ್ರದಲ್ಲಿ. ಆ ಹಸೆಯ ಮುಂದೆ ಹಾಡುವುದಕ್ಕೆಂದೇ ಅವಳು ಈ ಪದವನ್ನು ಹೋದ ವರ್ಷದಿಂದ ಕಟ್ಟಿ ತಿದ್ದಿ ಇಟ್ಟುಕೊಂಡಿದ್ದು.

"ನಮ್ಮತ್ತೆ ಏಳ್ತಿದ್ಲು," ಎಂದಳು. "ಬೀಗ್ರ ಪದಕ್ಕೆ ಕಣ್ಣೀರ್ ಬಿದ್ರೆ ಅದು ಸಾವಿನ ಮನೆ ಪದ ಆಯ್ತದೆ. ಅಸೆ ಮುಂದೆ ತರ್ಬಾರ್ದು. ಯಾರ್ನ ಬೈದ್ವೋ ಅವ್ರೇ ತಿರ್ಗಿ ಬೈದ್ರೆ ಮಾತ್ರ ದೋಸ ಓಯ್ತದೆ. ಎಲ್ಲಮ್ಮ ಬೈಬೇಕು. ಇಲ್ದಿದ್ರೆ ಭವ್ಯನ ಮದ್ವೇಲಿ ನಾನು ಬಾಯಿ ಬಿಡಲ್ಲ."

"ದೊಡ್ಡಮ್ಮ, ಇದು ಮೂಢನಂಬಿಕೆ. ಕಣ್ಣೀರಿಗೂ ಪದಕ್ಕೂ ಏನು ಸಂಬಂಧ? ಇನ್ನೊಂದು ಹಾಡು ಕಟ್ಟು."

"ನಲ್ವತ್ ವರ್ಸದಿಂದ ಪದ ಏಳ್ತಾವ್ನಿ. ಯಾರೂ ಅತ್ತಿಲ್ಲ. ಇಷ್ಟ್ ವರ್ಸ ನಗಿಸ್ದೋಳು ನಾನು, ಇವತ್ತು ಅಳಿಸ್ದೋಳು ಅಂತ ಮನೆಗ್ ಓಗ್ಲಾ?"

"ಜವಾಬು ಬರದಿದ್ದರೆ ನೀನು ಗೆದ್ದ ಹಾಗೆ. ಚರ್ಚಾಸ್ಪರ್ಧೆಯಲ್ಲಿ ನಾವು ಹಾಗೇ ಲೆಕ್ಕ ಹಾಕುವುದು."

ದೊಡ್ಡಮ್ಮ ನನ್ನನ್ನು ಒಮ್ಮೆ ನೋಡಿದಳು, ಹಾಲಿಗೆ ನೀರು ಬೆರೆಸಿದವನನ್ನು ನೋಡುವ ಹಾಗೆ. "ನಿಮ್ದ್ರಲ್ಲಿ ಜವಾಬು ಬರ್ದಿದ್ರೆ ಒಬ್ರು ಗೆದ್ದಂಗೆ. ನಮ್ದ್ರಲ್ಲಿ ಜವಾಬು ಬರ್ದಿದ್ರೆ ಇಬ್ರೂ ಸೋತಂಗೆ. ನಿಂದು ಜಗಳ ಕಣೇ, ನಮ್ದು ಸಂಬಂಧ."

ಇಷ್ಟು ವರ್ಷಗಳಲ್ಲಿ ನಾನು ಸೋತ ವಾದಗಳ ಪಟ್ಟಿ ಚಿಕ್ಕದು. ಇದು ಅದರಲ್ಲಿ ಸೇರಿತು. ದೋಷವನ್ನು ನಾನು ಇವತ್ತಿಗೂ ನಂಬುವುದಿಲ್ಲ. ಆದರೆ ನಗಿಸಲೆಂದು ಕಟ್ಟಿದ್ದನ್ನು ಯಾರೋ ಗೋಳು ಎಂದು ಅಚ್ಚು ಹಾಕಿದರೆ, ಕಟ್ಟಿದವಳು ಅದನ್ನು ವಾಪಸು ಕೇಳುವುದು ಮೂಢನಂಬಿಕೆಯಲ್ಲ.

ಶನಿವಾರ ಮಧ್ಯಾಹ್ನ, ಪಬ್ಬು

ಪಬ್ಬಿಗೆ ಕರೆದೊಯ್ದದ್ದು ಹೆಲೆನ್ ಅವರೇ. ಅಲ್ಲಿನ ಗಣಿ ಊರುಗಳಲ್ಲಿ ಗಂಡಸರು ಬಿಯರ್ ಲೋಟ ಹಿಡಿದು ನಾಲ್ಕು ದನಿಗಳ ಮೇಳದಲ್ಲಿ ಒಟ್ಟಿಗೆ ಹಾಡುತ್ತಾರೆ. ವೇದಿಕೆ ಇಲ್ಲ, ಮೈಕು ಇಲ್ಲ, ಒಬ್ಬ ಶುರುಮಾಡಿದರೆ ಮೂಲೆಮೂಲೆಯಿಂದ ಬಂದು ಸೇರುತ್ತಾರೆ. ನಾನು ಯಾವುದಕ್ಕೂ ಸುಲಭಕ್ಕೆ ತಲೆದೂಗುವವಳಲ್ಲ, ತೂಗಿದೆ. "ಗಂಡಸ್ರು ಕುಡ್ದು ಇಷ್ಟ್ ಚೆನ್ನಾಗಿ ಆಡೋದು ಇಲ್ಲೇ ನೋಡಿದ್ದು," ಎಂದಳು ದೊಡ್ಡಮ್ಮ. "ನಮ್ಮೋರು ಕುಡುದ್ರೆ ಬರೀ ಭಾಸಣ."

ಹಾಡು ನಿಂತಾಗ ಒಬ್ಬ ಮುದುಕ, ತಾವು ಕೇಳಿದ ಅತ್ಯುತ್ತಮ ಸಂಗೀತ ಯಾವುದೆಂದು ಒಬ್ಬೊಬ್ಬರೂ ಹೇಳಬೇಕು ಎಂದ. ಅವರಲ್ಲಿ ಅದೊಂದು ಆಟ. ಒಬ್ಬ, ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಅಪ್ಪ ಹೇಳಿದ ಪ್ರಾರ್ಥನೆ ಎಂದ. ಇನ್ನೊಬ್ಬ, ಮೈದಾನದ ಕೆಸರಿನಲ್ಲಿ ನಿಂತು ಕೇಳಿದ ಗಿಟಾರಿನವನು ಎಂದ. ಹಾಡು ಮರೆತಿದೆಯಂತೆ, ಕೆಸರಿನಲ್ಲಿ ಕಳೆದ ಬೂಟು ನೆನಪಿದೆಯಂತೆ. ಸೆಲ್ವಿ ಅಕ್ಕ ಊರಗಾಂ ಮೈದಾನದಲ್ಲಿ ಅಪ್ಪನ ಹೆಗಲ ಮೇಲೆ ಕೂತು ಕೇಳಿದ ಬ್ಯಾಂಡ್‌ಸೆಟ್ ಎಂದಳು. ಅದರ ಸದ್ದಿಗಿಂತ ಅಪ್ಪನ ಹೆಗಲು ತಾಳಕ್ಕೆ ಕುಣಿದದ್ದು ನೆನಪು ಎಂದಳು. ಅಳಲಿಲ್ಲ.

ದೊಡ್ಡಮ್ಮನ ಸರದಿ ಬಂತು. ಬೂದಿಕೋಟೆಯ ಒಂದು ಮದುವೆಯ ಕತೆ ತೆಗೆದಳು. ನಾನು ಸಾಲುಸಾಲಾಗಿ ಇಂಗ್ಲಿಷಿಗೆ ತಿರುಗಿಸಿದೆ. ಗಂಡಿನ ಕಡೆಯಲ್ಲಿ ಕುಪ್ಪಂ ಕಡೆಯ ಒಬ್ಬ ಮುದುಕಿ, ಬಾಯಲ್ಲಿ ಹಲ್ಲಿಲ್ಲ. ದೊಡ್ಡಮ್ಮ ಆಗ ಹೊಸ ಸೊಸೆ. ಇವಳು ಒಂದು ಬೈದರೆ ಅವಳು ಎರಡು. ಇವಳು ಅವಳ ಬೋಳು ಬಾಯಿ ಬೈದಳು. ಅವಳು, ನನ್ನ ಹಲ್ಲೆಲ್ಲ ನಿಮ್ಮೂರಿನ ಮುದ್ದೆಯಲ್ಲಿ ಸಿಕ್ಕಿಕೊಂಡಿವೆ, ಕಲ್ಲಿನ ಜೊತೆ ಆರಿಸಿ ಕೊಡಿ ಎಂದಳು. ಎಲೆ ಮೇಲಿನ ಅನ್ನ ಆರಿತು, ಯಾರೂ ಏಳಲಿಲ್ಲ. ಮುಹೂರ್ತ ಮೀರುತ್ತದೆಂದು ಪುರೋಹಿತರು ಬಂದು ಕೈಮುಗಿದರೆ, ಇಬ್ಬರೂ ಸೇರಿ ಪುರೋಹಿತರನ್ನು ಬೈದರು. "ಕೊನೆಗೆ ಆ ಮುದ್ಕಿ ಬಂದು ನನ್ ಗಲ್ಲ ಇಡ್ಕೊಂಡು, ನುವ್ವು ನಾ ಕೂತುರು ಅಂದ್ಲು. ನೀನು ನನ್ ಮಗಳು ಅಂತ. ಅವತ್ತೇ ನಾನು ಪದ ಕಲ್ತಿದ್ದು."

ಪಬ್ಬು ನಕ್ಕಿತು, ಮೇಜು ಗುದ್ದಿ ನಕ್ಕಿತು. ದೊಡ್ಡಮ್ಮ ನನ್ನ ಕೈ ಹಿಡಿದು ಒತ್ತಿದಳು. "ನೋಡ್ದಾ? ನಗು ಬತ್ತದೆ ಇವ್ರಿಗೆ. ನೀನ್ ಏಳ್ಬೇಕು ಅಷ್ಟೆ."

ಹೆಲೆನ್ ಮಾತ್ರ ನಗು ಅರ್ಧಕ್ಕೆ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

ಹೆಲೆನ್ ಅವರ ಅಡುಗೆಮನೆ

"ಹಾಗಾದರೆ ನಿನ್ನೆಯದು?" ಎಂದು ಕೇಳಿದರು, ಮನೆಗೆ ಬಂದ ಮೇಲೆ.

ಹೇಳಿದೆ. ಮೂಗನ್ನೂ ಹೇಳಿದೆ, ಏಳನೇ ಒಬ್ಬಟ್ಟನ್ನೂ ಹೇಳಿದೆ. ಅವರು ಕೆಂಪಾದರು. ಆಮೇಲೆ ಕೆಟಲಿಗೆ ನೀರು ಹಿಡಿದರು. ನಾಳೆ ಭಾನುವಾರ ಕೊನೆಯ ಕಾರ್ಯಕ್ರಮ, ಅದೇ ಮಂದಿರ, ಬಹುಪಾಲು ಅದೇ ಜನ. ಪರಿಚಯವನ್ನು ತಿದ್ದಬೇಕು, ಪದವನ್ನು ಅರ್ಥದೊಂದಿಗೆ ಹಾಡಬೇಕು, ಬೈಸಿಕೊಂಡವರು ಉತ್ತರ ಕೊಡಬೇಕು ಎಂದೆ.

ಹೆಲೆನ್ ಒಪ್ಪಲಿಲ್ಲ. ಅವರ ವಾದವನ್ನು ನಾನು ಕುಗ್ಗಿಸಿ ಹೇಳುವುದಿಲ್ಲ, ಅದು ಗಟ್ಟಿಯಾಗಿಯೇ ಇತ್ತು. ಭಾನುವಾರದ್ದು ಗಣಿಯಲ್ಲಿ ಸತ್ತವರ ಸ್ಮರಣೆ. ಆ ಬೆಂಚುಗಳಲ್ಲಿ ಕೂರುವವರಲ್ಲಿ ಅಜ್ಜಂದಿರನ್ನು, ಅಪ್ಪಂದಿರನ್ನು ಮಣ್ಣಿನೊಳಗೆ ಕಳೆದುಕೊಂಡವರಿದ್ದಾರೆ. ನಿಮ್ಮ ಹಾಡು ಕೇಳಿ ಅವರಿಗೆ ತಮ್ಮ ದುಃಖ ಸಿಕ್ಕಿತು. ಅದನ್ನು ಅವರ ಕೈಯಿಂದ ಕಸಿದು, ನೀವು ಅತ್ತದ್ದು ಒಂದು ತಮಾಷೆಗೆ ಎಂದು ಹೇಗೆ ಹೇಳಲಿ?

"ಅದು ಅವರ ದುಃಖ, ಸರಿ," ಎಂದೆ. "ಆದರೆ ಅದಕ್ಕೆ ನಮ್ಮ ಗಂಡಂದಿರನ್ನು ಯಾಕೆ ಸಾಯಿಸಿದಿರಿ?"

ಆಗ ಅವರು ಸೆಲ್ವಿ ಅಕ್ಕನ ಕಡೆ ತಿರುಗಿದರು. ನಿಮ್ಮಲ್ಲಿ ಸತ್ತವರಿಗೆ ಹಾಡುವ ಹಾಡು ಇದೆಯಲ್ಲ, ಅದನ್ನು ಹಾಡಬಹುದೇ?

"ಒಪ್ಪಾರಿ ಐತೆ," ಎಂದಳು ಸೆಲ್ವಿ ಅಕ್ಕ. "ನಮ್ಮಪ್ಪನ್ ಮುಂದೆ ಕೂತ್ಕೊಂಡು ನಮ್ಮಮ್ಮ ಆಡ್ದಾಗ ಕೇಳಿದೀನಿ. ಅದು ಎಣದ್ ಮುಂದೆ, ಮೈಕ್ ಮುಂದೆ ಅಲ್ಲ. ಏಳು ಶೈಲು, ಆಡಲ್ಲ ಅಂತ ಏಳು."

ಹೇಳಿದೆ. ಹೆಲೆನ್ ಕಣ್ಣು ಒದ್ದೆಯಾಯಿತು. ನಿಮಗೆ ನೋವಾಗಲಿ ಎಂದು ಅಲ್ಲ ಎಂದರು. ಮುತ್ತಾತನಿಂದ ಹಿಡಿದು ಇವತ್ತಿನವರೆಗೆ ನಿಮ್ಮೂರೂ ನ‌ಮ್ಮೂರೂ ಬೇರೆಯಲ್ಲ, ನಾವೆಲ್ಲ ಒಂದೇ ಮನೆಯವರು ಎಂದುಕೊಂಡೇ ಕರೆಸಿದೆ ಎಂದರು.

"ಏನಂತೆ?" ದೊಡ್ಡಮ್ಮ ಕೇಳಿದಳು.

"ಅವರೂ ನಾವೂ ಒಂದೇ ಮನೆಯವರಂತೆ."

"ಅಂಗಂದ್ಲಾ? ಒಂದೇ ಮನೆ ಎಂಗಾಯ್ತದೆ, ಅವ್ಳು ಇಲ್ಲಿನೋಳು, ನಾವು ಅಲ್ಲಿನೋರು. ಬೀಗ್ರು ಅನ್ನು, ಒಪ್ತೀನಿ." ಸೆರಗು ಸಿಕ್ಕಿಸಿಕೊಂಡಳು. "ಬೀಗ್ರಾದ್ರೆ ಬೈಬೇಕು, ಬೈಸ್ಕೋಬೇಕು. ಬರೀ ಅಳೋದು ಯಾವ್ ಬೀಗ್ತನ? ನಾಳೆ ಅದೇ ಪದ ಏಳ್ತೀನಿ ಅನ್ನು. ಜವಾಬು ರೆಡಿ ಮಾಡ್ಕೊಳ್ಳಿ ಅನ್ನು."

ಕೊನೆಗೆ ಹೆಲೆನ್ ಎರಡು ನಿಮಿಷ ಕೊಟ್ಟರು. ಪರಿಚಯವನ್ನು ನೀನೇ ಮಾಡು, ಆದರೆ ಸಂದರ್ಭದ ಗಾಂಭೀರ್ಯ ಉಳಿಯಲಿ ಎಂದರು. ನಾನು ಎರಡು ನಿಮಿಷಕ್ಕೆ ಒಪ್ಪಿದೆ. ಗಾಂಭೀರ್ಯದ ಬಗ್ಗೆ ಮಾತು ಕೊಡಲಿಲ್ಲ.

ಭಾನುವಾರ, ಅದೇ ಬೆಂಚುಗಳು

ಮೈಕಿನ ಮುಂದೆ ನಿಂತೆ. ಚರ್ಚೆಯಲ್ಲಿ ಎದುರಾಳಿಯನ್ನು ಕೆಡವುವುದು ಬೇರೆ. ಅತ್ತವರ ಮುಂದೆ ನಿಂತು ನಿಮ್ಮ ಅಳು ತಪ್ಪು ವಿಳಾಸಕ್ಕೆ ಹೋಯಿತು ಅನ್ನುವುದು ಬೇರೆ. ಸುತ್ತಿಬಳಸದೆ ಹೇಳಿದೆ. ಈ ಹೆಂಗಸರು ವಿಧವೆಯರಲ್ಲ. ಈ ಹಾಡು ಶೋಕದ್ದಲ್ಲ. ಸೆಲ್ವಿ ಅವರ ತಂದೆಯನ್ನು ಗಣಿ ತಿಂದದ್ದು ನಿಜ, ಅವರಿಗೆ ಹಾಡಿದ್ದು ಬೇರೆ ಹಾಡು, ಅದನ್ನು ನಿಮಗೆ ಕೊಡುವುದಿಲ್ಲ. ಇದು ಸಂಬಂಧ ಬೆಳೆಸುವವರನ್ನು ಬೈಯುವ ಹಾಡು. ಬೈಸಿಕೊಂಡವರು ತಿರುಗಿ ಬೈಯಬೇಕು. ಸುಮ್ಮನಿದ್ದರೆ ಸಂಬಂಧ ಬೇಡ ಎಂದು ಅರ್ಥ.

ಹಿಂದೆ ಒಬ್ಬರು ಎದ್ದು ಹೊರಗೆ ಹೋದರು. ಬಾಗಿಲು ಮುಚ್ಚಿದ ಸದ್ದು ದೊಡ್ಡದಾಗಿ ಕೇಳಿತು.

ದೊಡ್ಡಮ್ಮ ಕೈ ಚಾಚಿ ಎತ್ತಿದಳು. ಪ್ರತಿ ಸಾಲಿಗೂ ನಿಲ್ಲಿಸಿದಳು, ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೂಗಿನ ಸಾಲಿಗೆ ಮೊದಲು ಒಂದು ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲ, ಪಬ್ಬಿನಲ್ಲಿ ಬೂಟು ಕಳೆದವನ ನಗು. ಆಮೇಲೆ ಅವನ ಹೆಂಡತಿ. ಏಳನೇ ಒಬ್ಬಟ್ಟಿಗೆ ಅರ್ಧ ಮಂದಿರ ನಕ್ಕಿತು. ಶುಕ್ರವಾರ ಕರವಸ್ತ್ರ ತೆಗೆದಿದ್ದ ಮುದುಕರು ಹೆಲೆನ್ ಅವರ ಮೂಗನ್ನು ಬಗ್ಗಿ ನೋಡಿ ತಲೆಯಾಡಿಸಿದರು. ಹೆಲೆನ್ ಕೂಡ ಮೂಗು ಮುಟ್ಟಿಕೊಂಡು ನಕ್ಕರು. ಸೆಲ್ವಿ ಅಕ್ಕನ ಸೊಲ್ಲು ಏರಿತು, ನನ್ನದೂ ಶ್ರುತಿ ಬಿಟ್ಟು ಏರಿತು.

ಆಗ ದೊಡ್ಡಮ್ಮ ನಮಗೆ ಹೇಳದೆ ಒಂದು ಹೊಸ ನುಡಿ ತೆಗೆದಳು. ಮದುವೆ ಮನೆಯಲ್ಲಿ ಒಡವೆಯ ಮಾತಿಲ್ಲದೆ ಬೀಗರ ಪದ ಮುಗಿಯುವುದಿಲ್ಲ, ಅದು ಪದ್ಧತಿಯೇ.

*ನಮ್ಮ ಮನೆ ಚಿನ್ನವೆಲ್ಲ ನಿಮ್ಮನೆಗೆ ಬಂತಂತೆ,*
*ನಿನ್ನ ಕೊರಳಲ್ಲಿ ಗಾಜಿನ ಮಣಿ ಯಾಕಮ್ಮ ಬೀಗಿತ್ತಿ?*

ಒಂದು ಕ್ಷಣ ನನಗೂ ಬಾಬುವಿನ ಹಾಗೆ ಅನ್ನಿಸಿತು. ಮೃದು ಮಾಡಿಬಿಡಲೇ ಎಂದು. ಮಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ತಿರುಗಿಸಿ ಹೇಳಿದೆ.

ಯಾರೂ ನಗಲಿಲ್ಲ. ಅಳಲೂ ಇಲ್ಲ. ಹೆಲೆನ್ ಕೈ ತಾನಾಗಿ ಮಣಿಸರದ ಮೇಲೆ ಹೋಗಿ ನಿಂತಿತು. ದೊಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟು ಕಾದಳು. ಮಂದಿರ ನಕ್ಕದ್ದು ನೆರೆಹೊರೆಯ ನಗು, ಅವಳಿಗೆ ಬೇಕಾದದ್ದು ಬೀಗಿತ್ತಿಯ ಬಾಯಿ. ಹೆಲೆನ್ ಮೆಲ್ಲಗೆ ಎದ್ದು ವೇದಿಕೆ ಹತ್ತಿದರು. ಮೈಕಿನ ಹತ್ತಿರ ಬಂದು ಉಸಿರೆಳೆದುಕೊಂಡರು. ನಾನು ಪದವೇ ಬರುತ್ತದೆಂದು ಕಾದೆ. ಇದು ಮರೆಯಲಾಗದ ಅನುಭವ, ದಯವಿಟ್ಟು ಎಲ್ಲರೂ ಚಪ್ಪಾಳೆಯಿಂದ ಈ ಗಾಯಕಿಯರಿಗೆ ಎಂದು ಶುರುಮಾಡಿದರು. ಮುಂದಿನ ಬೆಂಚಿನಿಂದ ಚಪ್ಪಾಳೆ ಹೊರಟಿತು.

ದೊಡ್ಡಮ್ಮ ಅಂಗೈ ಎತ್ತಿದಳು. ಬಸ್ಸು ನಿಲ್ಲಿಸುವ ಹಾಗೆ. ಚಪ್ಪಾಳೆ ನಿಂತಿತು.

ಹೆಲೆನ್ ಮುಖಕ್ಕೆ ಮುಖ ಕೊಟ್ಟು, ರಾಗವಿಲ್ಲದೆ, ಅಂಗಳದಲ್ಲಿ ನಿಂತು ಪಕ್ಕದ ಮನೆಯವಳನ್ನು ಕೇಳುವಷ್ಟೇ ದನಿಯಲ್ಲಿ ಕೇಳಿದಳು. ನಾನು ಒಂದು ಮಾತೂ ಹೆಚ್ಚು ಕಡಿಮೆ ಮಾಡದೆ ಇಂಗ್ಲಿಷಿಗೆ ತಂದೆ.

"ಬೈದೂ ಆಯ್ತು, ನಗಾಡಿದ್ದೂ ಆಯ್ತು. ಈಗ ಬಾಯ್ಬಿಟ್ಟು ಏಳು ಎಲ್ಲಮ್ಮ, ನಮ್ಗೂ ನಿಮ್ಗೂ ಬೀಗ್ತನ ಐತಾ, ಇಲ್ವಾ?"